ನೋವಿನ ಗುಳಿಗೆ: ಒಬ್ಬರಿಗೆ ಅಮೃತ, ಇನ್ನೊಬ್ಬರಿಗೆ ತಲೆಸುತ್ತು

ಒಂದೇ ಮೆಡಿಕಲ್ ಶಾಪಿನಿಂದ ಒಂದೇ ದಿನ ತಂದ, ಒಂದೇ ಪಟ್ಟಿಯ ಎರಡು ಗುಳಿಗೆಗಳನ್ನು ಒಂದೇ ಮನೆಯ ಇಬ್ಬರು ನುಂಗಿದರೆ ಇಬ್ಬರಿಗೂ ಒಂದೇ ಫಲ ಸಿಗಬೇಕು ಎಂಬುದು ಸಾಮಾನ್ಯರ ಲೆಕ್ಕ. ಬಹಳಷ್ಟು ಔಷಧಗಳ ಮಟ್ಟಿಗೆ ಈ ಲೆಕ್ಕ ಸುಮಾರಾಗಿ ಸರಿಹೋಗುತ್ತದೆ. ಟ್ರಮಡಾಲ್ ಎಂಬ ನೋವುನಿವಾರಕದ ವಿಷಯದಲ್ಲಿ ಮಾತ್ರ ಅದು ಪದೇ ಪದೇ ತಪ್ಪುತ್ತದೆ.

ಸೊರಬ ತಾಲ್ಲೂಕಿನ ಉಳವಿ ಹೋಬಳಿಯಲ್ಲಿ ಒಂದು ಮನೆ ಎಂದಿಟ್ಟುಕೊಳ್ಳಿ. (ಚನ್ನಬಸವಣ್ಣನವರ ಉಳವಿ ಬೇರೆ, ಅದು ಉತ್ತರ ಕನ್ನಡದ ಜೊಯಿಡಾ ಸೀಮೆಯದು. ಇದು ಶಿವಮೊಗ್ಗ ಜಿಲ್ಲೆಯ ಉಳವಿ.) ಮನೆಯ ಹಿರಿಯರು ಮಳೆಗಾಲದಲ್ಲಿ ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾರೆ. ಶಿವಮೊಗ್ಗದಲ್ಲಿ ಆಪರೇಷನ್ ಆಗಿದೆ. ಮನೆಗೆ ಬರುವಾಗ ವೈದ್ಯರು ಬರೆದ ಚೀಟಿಯಲ್ಲಿ 50 ಮಿಲಿಗ್ರಾಂ ಟ್ರಮಡಾಲ್ ಸಹ ಇದೆ. ಅಜ್ಜ ಹೊತ್ತು ಹೊತ್ತಿಗೆ ನುಂಗುತ್ತಾರೆ, ನೋವು ಮಾತ್ರ ಕೂತಲ್ಲಿಂದ ಏಳುವುದಿಲ್ಲ. "ಅಪ್ಪಯ್ಯ, ಇಷ್ಟು ಜೋರಿನ ಮಾತ್ರೆ ತಗೊಂಡ್ರೂ ನೋವು ಅಂದ್ರೆ ಹೇಗೆ?" ಎಂದು ಮಗ ರೇಗುತ್ತಾನೆ. ವಯಸ್ಸಾದವರ ನಾಟಕ ಎಂದು ಅವನಿಗೆ ಒಳಗೊಳಗೇ ಅನಿಸಿದೆ.

ಅದೇ ಪಟ್ಟಿಯಿಂದ ಸೊಸೆ ಒಂದು ದಿನ ಒಂದು ಗುಳಿಗೆ ನುಂಗುತ್ತಾಳೆ. ವಾರವಿಡೀ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿ ಸೊಂಟ ಹಿಡಿದುಹೋಗಿರುತ್ತದೆ. ಒಂದು ಗಂಟೆಯೊಳಗೆ ತಲೆ ಗಿರ್ರನೆ ತಿರುಗಿ, ಮೈ ಬೆವೆತು, ಗೋಡೆ ಹಿಡಿದು ಬಚ್ಚಲಿಗೆ ಹೋಗಿ ವಾಂತಿ ಮಾಡುತ್ತಾಳೆ. ಪಕ್ಕದ ಮನೆಯವರು ಎರಡು ಗುಳಿಗೆ ಕಡ ಒಯ್ಯುತ್ತಾರೆ. ಅವರಿಗೆ ನೋವೂ ಹೋಗಿ, ಮನಸ್ಸೂ ಹಗುರವಾಗಿ, ರಾತ್ರಿ ಹೂವಿನ ಹಾಸಿಗೆಯಲ್ಲಿ ಮಲಗಿದಂತಾಗುತ್ತದೆ. ನಾಲ್ಕನೇ ದಿನ ಮತ್ತೆ ಬಂದು ಬಾಗಿಲಲ್ಲಿ ನಿಂತು ಕೇಳುತ್ತಾರೆ: "ಅತ್ತಿಗೆ, ಅದೇ ಮಾತ್ರೆ ಇನ್ನೆರಡು ಇದ್ರೆ ಕೊಡಿ."

ಇದು ಕಲ್ಪಿತ ಮನೆ. ಆದರೆ ಈ ಮೂರೂ ಅನುಭವಗಳು ಕಲ್ಪಿತವಲ್ಲ. ಟ್ರಮಡಾಲ್ ಬಳಕೆಯಲ್ಲಿರುವ ಎಲ್ಲ ದೇಶಗಳ ವೈದ್ಯರೂ ಇವನ್ನು ಕಂಡಿದ್ದಾರೆ. ಅಜ್ಜ ನಾಟಕ ಮಾಡುತ್ತಿಲ್ಲ, ಸೊಸೆ ನಾಜೂಕಿನವಳೂ ಅಲ್ಲ. ಕಾರಣ ಅವರವರ ಪಿತ್ತಜನಕಾಂಗದೊಳಗೆ ಇದೆ.

ಅಫೀಮಿನ ದೂರದ ನೆಂಟ

ಗಸಗಸೆ ಗಿಡದ ಕಾಯಿಯನ್ನು ಗೀರಿದಾಗ ಒಸರುವ ಹಾಲೇ ಒಣಗಿ ಅಫೀಮು ಆಗುತ್ತದೆ. ಹತ್ತೊಂಬತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಜರ್ಮನಿಯ ಸೆರ್ಟ್ಯುರ್ನರ್ ಎಂಬ ಔಷಧ ತಯಾರಕ ಅಫೀಮಿನಿಂದ ಮಾರ್ಫಿನ್ ಅನ್ನು ಬೇರ್ಪಡಿಸಿದ. 1832ರಲ್ಲಿ ಫ್ರಾನ್ಸಿನ ರೊಬಿಕೆ ಅದೇ ಅಫೀಮಿನಲ್ಲಿ ಕೊಡೀನ್ ಕಂಡುಕೊಂಡ. ನೋವನ್ನು ಇವುಗಳಷ್ಟು ಚೆನ್ನಾಗಿ ಅಡಗಿಸುವ ವಸ್ತು ಮತ್ತೊಂದಿರಲಿಲ್ಲ. ಇವುಗಳಷ್ಟು ಸುಲಭವಾಗಿ ಚಟ ಹಿಡಿಸುವುದೂ ಇರಲಿಲ್ಲ. ನೋವು ಕಳೆಯಬೇಕು, ಚಟ ಹಿಡಿಯಬಾರದು ಎಂಬ ಬಯಕೆಯಿಂದ ರಸಾಯನ ವಿಜ್ಞಾನಿಗಳು ನೂರಾರು ಕೃತಕ ವಸ್ತುಗಳನ್ನು ತಯಾರಿಸಿ ನೋಡಿದರು.

1962ರಲ್ಲಿ ಜರ್ಮನಿಯ ಗ್ರ್ಯುನೆಂಥಾಲ್ ಕಂಪನಿಯ ಪ್ರಯೋಗಾಲಯದಲ್ಲಿ ಹಾಗೆ ಹುಟ್ಟಿದ್ದು ಟ್ರಮಡಾಲ್. ಇದಕ್ಕೆ ಸ್ವಲ್ಪವೇ ಮೊದಲು ಥ್ಯಾಲಿಡೊಮೈಡ್ ಎಂಬ ನಿದ್ರೆ ಮಾತ್ರೆಯನ್ನು ಮಾರಿ, ಸಾವಿರಾರು ಮಕ್ಕಳು ಕೈಕಾಲುಗಳಿಲ್ಲದೆ ಹುಟ್ಟಲು ಕಾರಣವಾದದ್ದೂ ಇದೇ ಕಂಪನಿ ಎಂಬುದನ್ನು ವಿದ್ಯಾರ್ಥಿಗಳು ನೆನಪಿಟ್ಟುಕೊಳ್ಳಬಹುದು. ಟ್ರಮಡಾಲ್ ಮಾರುಕಟ್ಟೆಗೆ ಬಂದದ್ದು 1977ರಲ್ಲಿ, ಅಮೆರಿಕಕ್ಕೆ ಕಾಲಿಟ್ಟದ್ದು 1995ರಲ್ಲಿ. ಬಾಯಿಂದ ತೆಗೆದುಕೊಂಡರೆ ಇದರ ಬಲ ಮಾರ್ಫಿನ್ನಿನ ಹತ್ತರಲ್ಲೊಂದು ಪಾಲು. ಹಾಗಾಗಿ "ಸೌಮ್ಯ" ಎಂಬ ವಿಶೇಷಣ ಇದಕ್ಕೆ ಮೊದಲಿನಿಂದಲೂ ಅಂಟಿಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿಗೆಂದು ಮೂರು ಮೆಟ್ಟಿಲುಗಳ ಕ್ರಮವೊಂದನ್ನು ಹೇಳಿತು. ಮೊದಲ ಮೆಟ್ಟಿಲಲ್ಲಿ ಪ್ಯಾರಾಸಿಟಮಾಲ್‌ನಂಥವು, ಕೊನೆಯದರಲ್ಲಿ ಮಾರ್ಫಿನ್. ಮಧ್ಯದ ಮೆಟ್ಟಿಲಲ್ಲಿ ಕೊಡೀನ್ ಇತ್ತು. ಟ್ರಮಡಾಲ್‌ಗೆ ಸಿಕ್ಕ ಜಾಗವೂ ಅದೇ.

ಈ ಸೌಮ್ಯ ಎಂಬ ಮಾತೇ ಅರ್ಧ ತೊಂದರೆಗೆ ಮೂಲ. ಅದು ಸರಾಸರಿ ಮನುಷ್ಯನನ್ನು ಕುರಿತು ಹೇಳಿದ ಮಾತು. ಗುಳಿಗೆ ನುಂಗುವವರು ಸರಾಸರಿ ಮನುಷ್ಯರಲ್ಲ. ಅಜ್ಜ, ಸೊಸೆ, ಪಕ್ಕದ ಮನೆಯವರು.

ಭತ್ತ ಅಕ್ಕಿಯಾಗಬೇಕು

ಭತ್ತವನ್ನು ಯಾರೂ ಹಾಗೇ ಬೇಯಿಸಿ ಉಣ್ಣುವುದಿಲ್ಲ. ಅದು ಮಿಲ್ಲಿಗೆ ಹೋಗಿ ಅಕ್ಕಿಯಾಗಬೇಕು. ಟ್ರಮಡಾಲ್ ಕೂಡ ಹಾಗೆಯೇ. ನುಂಗಿದ ಗುಳಿಗೆಯಲ್ಲಿರುವುದು ಭತ್ತ. ಮೆದುಳು ಮತ್ತು ಬೆನ್ನುಹುರಿಯಲ್ಲಿ ಅಫೀಮಿನಂಥ ವಸ್ತುಗಳು ಬಂದು ಕೂರುವ ಗೂಡುಗಳಿವೆ. ಈ ಭತ್ತಕ್ಕೆ ಅಲ್ಲಿ ಸರಿಯಾಗಿ ಕೂರಲು ಬರುವುದಿಲ್ಲ. ಪಿತ್ತಜನಕಾಂಗದಲ್ಲಿರುವ ಸಿ.ವೈ.ಪಿ.2ಡಿ6 ಎಂಬ ಕಿಣ್ವ ಅದರ ಒಂದು ತುದಿಯನ್ನು ಕತ್ತರಿಸಿ ಹೊಸ ವಸ್ತುವಾಗಿಸುತ್ತದೆ. ಅದಕ್ಕೆ ಎಂ1 ಎಂದು ಹೆಸರು. ಈ ಎಂ1 ಮೂಲ ಟ್ರಮಡಾಲ್‌ಗಿಂತ ಸುಮಾರು 200 ಪಟ್ಟು ಗಟ್ಟಿಯಾಗಿ ಆ ಗೂಡನ್ನು ಹಿಡಿಯುತ್ತದೆ. ನೋವು ಇಳಿಸುವ ಕೆಲಸದ ಬಹುಪಾಲು ಇದರದೇ.

ಈಗ ಮಿಲ್ಲಿನ ವಿಚಾರ. ಈ ಕಿಣ್ವವನ್ನು ತಯಾರಿಸುವ ವಂಶವಾಹಿ 22ನೇ ವರ್ಣತಂತುವಿನಲ್ಲಿದೆ. ತಾಯಿಯಿಂದ ಒಂದು, ತಂದೆಯಿಂದ ಒಂದು ಪ್ರತಿ ಬರುತ್ತದೆ. ಕೆಲವರಿಗೆ ಎರಡೂ ಕಡೆಯಿಂದ ಕೆಟ್ಟ ಪ್ರತಿಯೇ ಬಂದಿರುತ್ತದೆ. ಅವರಲ್ಲಿ ಮಿಲ್ಲೇ ಓಡುವುದಿಲ್ಲ. ಕೆಲವರಲ್ಲಿ ನಿಧಾನಕ್ಕೆ ಓಡುತ್ತದೆ. ಇನ್ನು ಕೆಲವರಲ್ಲಿ ಒಂದೇ ವಂಶವಾಹಿಯ ಎರಡು ಮೂರು ಪ್ರತಿಗಳು ಸಾಲಾಗಿ ಸೇರಿಕೊಂಡಿದ್ದು, ಹಾಕಿದ ಭತ್ತವೆಲ್ಲ ಕ್ಷಣದಲ್ಲಿ ಅಕ್ಕಿಯಾಗಿ ರಾಶಿ ಬೀಳುತ್ತದೆ. ಮೊದಲನೆಯವರಿಗೆ ಗುಳಿಗೆ ನಾಟುವುದಿಲ್ಲ. ಕೊನೆಯವರಿಗೆ ಅದೇ ಗುಳಿಗೆ ಎರಡು ಮೂರು ಗುಳಿಗೆಯಷ್ಟು ನಾಟುತ್ತದೆ. ಕಲ್ಪಿತ ಮನೆಯ ಅಜ್ಜ ಮೊದಲ ಗುಂಪಿನವರಿರಬಹುದು. ಪಕ್ಕದ ಮನೆಯವರ ಮಿಲ್ಲು ಚುರುಕಾಗಿರಬಹುದು.

ಯುರೋಪಿನ ಬಿಳಿಯರಲ್ಲಿ ನೂರಕ್ಕೆ 5ರಿಂದ 10 ಮಂದಿಯಲ್ಲಿ ಈ ಮಿಲ್ಲು ಪೂರ್ತಿ ನಿಂತಿರುತ್ತದೆ. ಚೀನಾ, ಜಪಾನಿನವರಲ್ಲಿ ಅಂಥವರು ನೂರಕ್ಕೆ ಒಬ್ಬರಿಬ್ಬರು. ಪುದುಚೇರಿಯ ಜಿಪ್ಮರ್ ಸಂಸ್ಥೆಯ ಸಂಶೋಧಕರು ಕರ್ನಾಟಕವೂ ಸೇರಿದಂತೆ ದಕ್ಷಿಣದ ರಾಜ್ಯಗಳ ಜನರಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಇಲ್ಲಿ ಅಂಥವರ ಪ್ರಮಾಣ ನೂರಕ್ಕೆ ಎರಡರಿಂದ ಐದರ ಆಸುಪಾಸು. ಎಂದರೆ ಅರವತ್ತು ಮಕ್ಕಳ ಒಂದು ತರಗತಿಯಲ್ಲಿ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅತಿ ಚುರುಕು ಮಿಲ್ಲಿನವರು ಇಥಿಯೋಪಿಯದಲ್ಲಿ ನೂರಕ್ಕೆ ಮೂವತ್ತರ ಹತ್ತಿರಕ್ಕೂ ಹೋಗುತ್ತಾರೆ.

ಈ ರಹಸ್ಯ ಬಯಲಾದ ಕತೆ ಸ್ವಾರಸ್ಯವಾದದ್ದು. 1975ರ ಸುಮಾರಿಗೆ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ವೈದ್ಯಕೀಯ ಶಾಲೆಯಲ್ಲಿ ರಾಬರ್ಟ್ ಸ್ಮಿತ್ ಎಂಬ ಪ್ರಾಧ್ಯಾಪಕರು ಡೆಬ್ರಿಸೊಕ್ವಿನ್ ಎಂಬ ರಕ್ತದೊತ್ತಡದ ಔಷಧವನ್ನು ಕುರಿತು ಅಧ್ಯಯನ ನಡೆಸುತ್ತಿದ್ದರು. ಆ ಕಾಲದ ರೂಢಿಯಂತೆ ತಾವೂ, ಪ್ರಯೋಗಾಲಯದ ಸಹೋದ್ಯೋಗಿಗಳೂ ಆ ಮಾತ್ರೆಯನ್ನು ನುಂಗಿದರು. ಉಳಿದವರಿಗೆ ಏನೂ ಆಗಲಿಲ್ಲ. ಸ್ಮಿತ್ ಅವರಿಗೆ ಮಾತ್ರ ರಕ್ತದೊತ್ತಡ ಪಾತಾಳಕ್ಕಿಳಿದು, ಎದ್ದು ನಿಲ್ಲಲೂ ಆಗಲಿಲ್ಲ. ಮೂತ್ರ ಪರೀಕ್ಷೆ ಮಾಡಿದರೆ, ಅವರೊಬ್ಬರ ದೇಹ ಆ ಔಷಧವನ್ನು ಮುರಿದೇ ಇರಲಿಲ್ಲ. ಬೇರೆಯವರಾಗಿದ್ದರೆ ಅಂದು ಊಟ ಸರಿಹೋಗಲಿಲ್ಲ ಎಂದು ಸುಮ್ಮನಾಗುತ್ತಿದ್ದರೋ ಏನೋ. ಸ್ಮಿತ್ ಬಿಡಲಿಲ್ಲ. ವಿದ್ಯಾರ್ಥಿಗಳನ್ನೂ ಅವರ ಮನೆಯವರನ್ನೂ ಪರೀಕ್ಷಿಸಿ, ಇದು ವಂಶಪಾರಂಪರ್ಯ ಗುಣವೆಂದು 1977ರಲ್ಲಿ ತಮ್ಮ ತಂಡದೊಡನೆ ಪ್ರಕಟಿಸಿದರು. ಜರ್ಮನಿಯಲ್ಲಿ ಐಕೆಲ್‌ಬೌಮ್ ಎಂಬ ವೈದ್ಯರು ಬೇರೊಂದು ಔಷಧದ ಹಿಂದೆ ಹೋಗಿ ಇದೇ ನಿರ್ಣಯಕ್ಕೆ ಬಂದರು. ವಂಶವಾಹಿಯ ವಿವರ ಕೈಗೆ ಸಿಕ್ಕಿದ್ದು 1988ರಲ್ಲಿ.

ಗಮನಿಸಬೇಕಾದ ಒಂದು ಸಂಗತಿಯಿದೆ. ಡೆಬ್ರಿಸೊಕ್ವಿನ್ ಮುರಿಯದಿದ್ದರೆ ಅದು ದೇಹದಲ್ಲಿ ಉಳಿದು ಹೆಚ್ಚಾಗುತ್ತದೆ. ಟ್ರಮಡಾಲ್ ಮುರಿಯದಿದ್ದರೆ ನೋವು ಇಳಿಸುವ ವಸ್ತು ಹುಟ್ಟುವುದೇ ಇಲ್ಲ. ಒಂದೇ ದೋಷ, ಎರಡು ಔಷಧಗಳಲ್ಲಿ ತದ್ವಿರುದ್ಧ ಫಲ.

ಎರಡು ಕೈಗಳ ಕೆಲಸ

ಇಷ್ಟರಿಂದ ಅಜ್ಜನ ವಿಷಯ ಮುಗಿಯಿತು, ಸೊಸೆಯದು ಮುಗಿಯಲಿಲ್ಲ. ಟ್ರಮಡಾಲ್ ಎರಡು ಕೈಗಳಿಂದ ಕೆಲಸ ಮಾಡುತ್ತದೆ. ಒಂದು ಕೈ ಎಂ1 ಮೂಲಕ ನಡೆಯುವ ಅಫೀಮಿನ ಕೆಲಸ. ಇನ್ನೊಂದು ಕೈ ಮೂಲ ಟ್ರಮಡಾಲ್‌ನದೇ. ನರಕೋಶಗಳು ಸಿರೊಟೊನಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳನ್ನು ಹೊರಬಿಟ್ಟು, ಕೆಲಸವಾದ ಮೇಲೆ ಮರಳಿ ಎಳೆದುಕೊಳ್ಳುತ್ತವೆ. ಹಾಗೆ ಎಳೆದುಕೊಳ್ಳುವುದನ್ನು ಟ್ರಮಡಾಲ್ ತಡೆಯುತ್ತದೆ. ಖಿನ್ನತೆಗೆ ಕೊಡುವ ಹಲವು ಮಾತ್ರೆಗಳು ಮಾಡುವುದೂ ಇದನ್ನೇ. ಕೆಲವರಿಗೆ ಈ ಗುಳಿಗೆಯಿಂದ ಮನಸ್ಸು ಹಗುರಾಗುವುದು, ಕೆಲವರಿಗೆ ನಿದ್ರೆಯೇ ಹಾರಿ ಎದೆ ಢವಗುಟ್ಟುವುದು, ಬೆವರುವುದು, ಹೊಟ್ಟೆ ತೊಳೆಸುವುದು ಇವೆಲ್ಲ ಎರಡು ಕೈಗಳ ಜಗ್ಗಾಟದ ಫಲ. ಮಿಲ್ಲು ನಿಂತವರಲ್ಲಿ ಮೊದಲ ಕೈ ಸುಮ್ಮನಿದ್ದು ಎರಡನೆಯದು ಮಾತ್ರ ಕೆಲಸ ಮಾಡುತ್ತದೆ. ನೋವು ಹೋಗಲಿಲ್ಲ, ವಾಂತಿ ಮಾತ್ರ ಬಂತು ಎಂಬ ದೂರಿನಲ್ಲಿ ಸುಳ್ಳೇನೂ ಇರಬೇಕಾಗಿಲ್ಲ.

ಇದರಿಂದಲೇ ಬರುವ ಅಪಾಯಗಳೂ ಇವೆ. ಟ್ರಮಡಾಲ್ ಪ್ರಮಾಣ ಹೆಚ್ಚಾದರೆ ಫಿಟ್ಸ್ ಬರಬಹುದು. ಮೊದಲೇ ಮೂರ್ಛೆರೋಗ ಇದ್ದವರಿಗೆ, ತಲೆಗೆ ಪೆಟ್ಟಾದವರಿಗೆ ಮಾಮೂಲು ಪ್ರಮಾಣದಲ್ಲೂ ಈ ಭಯವಿದೆ. ಖಿನ್ನತೆಗೆ ಫ್ಲುಯೊಕ್ಸೆಟಿನ್, ಪರಾಕ್ಸೆಟಿನ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿರುವವರು ಟ್ರಮಡಾಲ್ ನುಂಗಿದರೆ ಎರಡು ಕೆಡುಕು ಒಟ್ಟಿಗೆ. ಈ ಮಾತ್ರೆಗಳು ಸಿ.ವೈ.ಪಿ.2ಡಿ6 ಕಿಣ್ವವನ್ನೇ ಕಟ್ಟಿಹಾಕುವುದರಿಂದ ಒಳ್ಳೆಯ ಮಿಲ್ಲಿದ್ದವರೂ ನಿಂತ ಮಿಲ್ಲಿನವರಾಗುತ್ತಾರೆ. ಜೊತೆಗೆ ಸಿರೊಟೊನಿನ್ ಮಿತಿಮೀರಿ ಜ್ವರ, ನಡುಕ, ಗಲಿಬಿಲಿ ಹತ್ತಬಹುದು. ಅದು ಆಸ್ಪತ್ರೆಗೆ ಓಡಬೇಕಾದ ಸ್ಥಿತಿ. ಇನ್ನೊಂದು ವಿಚಿತ್ರವೆಂದರೆ, ಟ್ರಮಡಾಲ್‌ನಿಂದ ಬರುವ ವಾಂತಿಗೆ ಸಾಮಾನ್ಯವಾಗಿ ಕೊಡುವ ಆಂಡನ್ಸೆಟ್ರಾನ್ ಅದರ ನೋವು ಇಳಿಸುವ ಶಕ್ತಿಯನ್ನೂ ಕೊಂಚ ಕುಗ್ಗಿಸುತ್ತದೆ ಎಂದು ಶಸ್ತ್ರಚಿಕಿತ್ಸೆಯಾದ ರೋಗಿಗಳಲ್ಲಿ ನಡೆದ ಅಧ್ಯಯನಗಳಲ್ಲಿ ಕಂಡಿದೆ. ಎಂ1 ಹೊರಹೋಗುವುದು ಮೂತ್ರಪಿಂಡದ ಮೂಲಕ; ವಯಸ್ಸಾಗಿ ಅದು ಸೊರಗಿದ್ದವರಲ್ಲಿ ಔಷಧ ದಿನದಿಂದ ದಿನಕ್ಕೆ ಕೂಡುತ್ತ ಹೋಗಿ ಮಂಪರು ಹೆಚ್ಚುತ್ತದೆ. ಮಲಬದ್ಧತೆಯಂತೂ ಹಿರಿಯರ ಮಾಮೂಲು ಗೋಳು.

ತಾಯಂದಿರು ತಿಳಿದಿರಲೇಬೇಕಾದ ಸಂಗತಿ ಇನ್ನೊಂದು. ಫ್ರಾನ್ಸಿನಲ್ಲಿ ಐದು ವರ್ಷದ ಮಗುವೊಂದಕ್ಕೆ ಟಾನ್ಸಿಲ್ ಆಪರೇಷನ್ ಆದ ರಾತ್ರಿ ಮನೆಯಲ್ಲಿ ಟ್ರಮಡಾಲ್ ಕೊಟ್ಟಿದ್ದರು. ಬೆಳಿಗ್ಗೆ ಮಗು ಎಚ್ಚರವಿಲ್ಲದೆ, ಉಸಿರಾಟ ಕುಗ್ಗಿ ಬಿದ್ದಿತ್ತು. ಪರೀಕ್ಷೆಯಲ್ಲಿ ಆ ಮಗು ಅತಿ ಚುರುಕು ಮಿಲ್ಲಿನದೆಂದು ಗೊತ್ತಾಯಿತು. 2015ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಈ ವರದಿ ಬಂತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ, 12 ವರ್ಷದೊಳಗಿನ ಮಕ್ಕಳಿಗೆ ಟ್ರಮಡಾಲ್ ಕೂಡದು, ಟಾನ್ಸಿಲ್ ಅಥವಾ ಅಡಿನಾಯ್ಡ್ ತೆಗೆಸಿದ 18ರೊಳಗಿನವರಿಗೂ ಕೂಡದು ಎಂದು ಕಟ್ಟುನಿಟ್ಟು ಮಾಡಿತು. ಎದೆಹಾಲು ಕೊಡುವ ತಾಯಂದಿರೂ ಇದನ್ನು ಬಳಸದಿರುವುದು ಒಳ್ಳೆಯದೆಂದು ಅದೇ ಆದೇಶದಲ್ಲಿ ಹೇಳಿದೆ. ಅಜ್ಜನ ಗುಳಿಗೆಯನ್ನು ಅರ್ಧ ಮುರಿದು ಮೊಮ್ಮಗನ ಹಲ್ಲುನೋವಿಗೆ ಕೊಡುವ ಮನೆಗಳಿಗೆ ಇದು ಮುಟ್ಟಬೇಕು.

ಮಲೆನಾಡಿನ ನೋವು

ಸೊರಬ, ಶಿಕಾರಿಪುರ, ಸಾಗರದ ಕಡೆ ಮೈಕೈ ನೋವು ಬದುಕಿನ ಭಾಗವೇ ಆಗಿದೆ. ಕೊನೆ ಕೊಯ್ಲಿನಲ್ಲಿ ಮರದಿಂದ ಮರಕ್ಕೆ ಜೀಕುವವರ ಭುಜ, ಮೆಟ್ಟುಗತ್ತಿಯ ಮುಂದೆ ರಾತ್ರಿಯಿಡೀ ಕೂತು ಅಡಿಕೆ ಸುಲಿಯುವವರ ಬೆನ್ನು, ನಾಟಿಯ ಹೆಂಗಸರ ಸೊಂಟ, ಗಂಧದ ಕೊರಡಿನ ಮೇಲೆ ಬಗ್ಗಿ ಕೂತ ಗುಡಿಗಾರರ ಕತ್ತು ಇವುಗಳಿಗೆ ಎಣ್ಣೆ, ಬಿಸಿನೀರು, ಕಷಾಯ ಹಿಂದೆಯೂ ಇದ್ದವು, ಈಗಲೂ ಇವೆ. ಪಕ್ಕದ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವಿನಲ್ಲಿ ಬೆಳಕಿಗೆ ಬಂದ ಕೀಲುಮೂಳೆಯ ಕಾಯಿಲೆಯಂತೂ ಮನೆ ಮನೆಗಳನ್ನೇ ಹಿಡಿದದ್ದು. ಮೊದಲು ಆಹಾರದ ದೋಷವಿರಬಹುದೆಂದು ಶಂಕಿಸಿದ್ದ ಅದು ವಂಶವಾಹಿಯ ದೋಷವೆಂದು ಮುಂದೆ ಗೊತ್ತಾಯಿತು. ಅಂಥವರಿಗೆ ಸೊಂಟದ ನೋವು ಒಂದು ವಾರದ ಮಾತಲ್ಲ, ಜೀವಮಾನದ್ದು.

ಈ ಸೀಮೆಗೇ ಸೇರಿದ ಇನ್ನೊಂದು ಎಚ್ಚರಿಕೆಯನ್ನು ಇಲ್ಲಿ ಹೇಳಿಬಿಡಬೇಕು. ಮಂಗನ ಕಾಯಿಲೆಯನ್ನು ಜಗತ್ತು 1957ರಲ್ಲಿ ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಕಾಲ. ಹಠಾತ್ ಜ್ವರ, ತಲೆ ಸಿಡಿತ, ಮೈಯೆಲ್ಲ ಹಿಂಡುವ ನೋವಿನಿಂದ ಶುರುವಾಗುತ್ತದೆ. ಈ ಕಾಯಿಲೆಯಲ್ಲಿ ರಕ್ತಸ್ರಾವದ ಭಯವಿರುವುದರಿಂದ ಆಸ್ಪಿರಿನ್, ಡೈಕ್ಲೊಫೆನಾಕ್, ಐಬುಪ್ರೊಫೆನ್ ಗುಂಪಿನ ನೋವಿನ ಮಾತ್ರೆಗಳು ಕೆಡುಕು ಮಾಡಬಹುದು. ಕಾಡಂಚಿನಲ್ಲಿ ದನ ಮೇಯಿಸಿ, ದರಗು ಗುಡಿಸಿ ಬಂದವರು ಆ ತಿಂಗಳುಗಳಲ್ಲಿ ಜ್ವರದ ಮೈನೋವಿಗೆ ಅಂಗಡಿಯ ಮಾತ್ರೆ ನುಂಗದೆ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬರುವುದು ಲೇಸು.

ದುಡಿಮೆಯ ನೋವಿಗೆ ಟ್ರಮಡಾಲ್ ನುಂಗುವ ಅಭ್ಯಾಸ ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದಕ್ಕೆ ಆಫ್ರಿಕಾದ ಕ್ಯಾಮರೂನಿನಿಂದ ಒಂದು ಕತೆ ಬಂದಿದೆ. ರೈತರ ಮಕ್ಕಳಿಗೆ ಇದು ಹಿಡಿಸಬಹುದು. ಅಲ್ಲಿನ ಒಂದು ಮರದ ಬೇರನ್ನು ಹಳ್ಳಿಗರು ನೋವಿನ ಮದ್ದಾಗಿ ಬಳಸುತ್ತಿದ್ದರು. 2013ರಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದ ವಿಜ್ಞಾನಿಗಳು ಆ ಬೇರಿನಲ್ಲಿ ಸಾಕ್ಷಾತ್ ಟ್ರಮಡಾಲ್ ಇದೆಯೆಂದು ಪ್ರಕಟಿಸಿದರು. ಮನುಷ್ಯ ಪ್ರಯೋಗಾಲಯದಲ್ಲಿ ಮಾಡಿದ್ದನ್ನು ಮರ ಮೊದಲೇ ಮಾಡಿಟ್ಟಿತ್ತು ಎಂದು ದೊಡ್ಡ ಸುದ್ದಿಯಾಯಿತು. ಜರ್ಮನಿಯ ಡಾರ್ಟ್‌ಮಂಡ್‌ನ ಮೈಕೆಲ್ ಶ್ಪಿಟೆಲರ್ ಮತ್ತವರ ತಂಡಕ್ಕೆ ಅನುಮಾನ ಬಂತು. ಅವರು ಹೋಗಿ ನೋಡಿದರೆ, ಟ್ರಮಡಾಲ್ ಇದ್ದದ್ದು ದೇಶದ ಉತ್ತರ ಭಾಗದ ಮರಗಳಲ್ಲಿ ಮಾತ್ರ. ದಕ್ಷಿಣದ ಮರಗಳಲ್ಲಿ ಇಲ್ಲ. ಉತ್ತರದ ರೈತರು ಸುಡುಬಿಸಿಲಿನಲ್ಲಿ ದಣಿವು ತಿಳಿಯಬಾರದೆಂದು ತಾವೂ ಟ್ರಮಡಾಲ್ ನುಂಗಿ, ಉಳುವ ಎತ್ತುಗಳಿಗೂ ತಿನ್ನಿಸುತ್ತಿದ್ದರು. ಆ ಎತ್ತುಗಳು ಮಧ್ಯಾಹ್ನ ಮರದ ನೆರಳಿನಲ್ಲಿ ನಿಂತು ಉಚ್ಚೆ ಹೊಯ್ಯುತ್ತಿದ್ದವು. ಮಣ್ಣಿಗಿಳಿದ ಟ್ರಮಡಾಲ್ ಬೇರಿಗೆ ಏರಿತ್ತು. ಎತ್ತಿನ ಮೂತ್ರದಲ್ಲಿ ಸಿಗುವ, ದೇಹ ಮಾತ್ರ ತಯಾರಿಸುವ ವಸ್ತುಗಳೂ ಮಣ್ಣಿನಲ್ಲಿ ಸಿಕ್ಕಿದ್ದವು.

ಚಟದ ದಾರಿ, ಕಾನೂನಿನ ದಾರಿ

ಅಲ್ಲಿಗೆ ಆ ಗುಳಿಗೆಗಳು ಎಲ್ಲಿಂದ ಹೋಗಿದ್ದವು? ಪಶ್ಚಿಮ ಆಫ್ರಿಕಾದಲ್ಲಿ ಹಿಡಿಯಲಾದ ಟ್ರಮಡಾಲ್‌ನಲ್ಲಿ ಭಾರತದಲ್ಲಿ ತಯಾರಾದದ್ದು ಬಹಳವಿತ್ತೆಂದು ವಿಶ್ವಸಂಸ್ಥೆಯ ಮಾದಕವಸ್ತು ವಿಭಾಗ ಹಲವು ಸಲ ಹೇಳಿದೆ. ಇಲ್ಲಿ ವೈದ್ಯರು ಬರೆಯುವುದು 50 ಅಥವಾ 100 ಮಿಲಿಗ್ರಾಮಿನದು. ಅಲ್ಲಿನ ಬೀದಿಗಳಲ್ಲಿ 225 ಮಿಲಿಗ್ರಾಮಿನ ಗುಳಿಗೆಗಳು ಮಾರಾಟವಾದವು. ನಮ್ಮ ದೇಶದೊಳಗೂ ಇದರ ದುರುಪಯೋಗ ಹೆಚ್ಚಿತು. ಅದಕ್ಕೂ ಮೊದಲು ಡೆಕ್ಸ್ಟ್ರೋಪ್ರೊಪಾಕ್ಸಿಫಿನ್ ಎಂಬ ಇನ್ನೊಂದು ಸೌಮ್ಯ ಗುಳಿಗೆ ಊರೂರಲ್ಲಿ ಸಿಗುತ್ತಿತ್ತು. 1990ರ ದಶಕದಲ್ಲಿ ಈಶಾನ್ಯ ರಾಜ್ಯಗಳ ಎಷ್ಟೋ ಯುವಕರು ಅದರ ಕ್ಯಾಪ್ಸೂಲನ್ನು ಬಿಚ್ಚಿ, ಕರಗಿಸಿ, ಸೂಜಿಯಲ್ಲಿ ಚುಚ್ಚಿಕೊಂಡು ಕೈಕಾಲು ಕೊಳೆಸಿಕೊಂಡರು. ಅದು ಹೃದಯಕ್ಕೂ ಅಪಾಯವೆಂದು 2010ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು. 2013ರ ಮೇ ತಿಂಗಳಲ್ಲಿ ಭಾರತ ಸರ್ಕಾರವೂ ತಡೆಯ ಆದೇಶ ಹೊರಡಿಸಿತು. ತೆರವಾದ ಜಾಗಕ್ಕೆ ಟ್ರಮಡಾಲ್ ಬಂದು ಕುಳಿತಿತು.

2014ರ ಮಾರ್ಚ್‌ನಿಂದ ಟ್ರಮಡಾಲ್ ಎಚ್1 ಪಟ್ಟಿಗೆ ಸೇರಿತು. ಕೆಂಪು ಚೌಕಟ್ಟಿನ ಎಚ್ಚರಿಕೆ ಪಟ್ಟಿಯ ಮೇಲೆ ಇರಬೇಕು. ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣವನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಅಷ್ಟು ಸಾಲದೆಂದು 2018ರ ಏಪ್ರಿಲ್‌ನಲ್ಲಿ ಅದನ್ನು 1985ರ ಮಾದಕವಸ್ತು ಕಾಯ್ದೆಯ ಕೆಳಗೆ ತರಲಾಯಿತು. ಈಗ ಚೀಟಿಯಿಲ್ಲದ 250 ಗ್ರಾಂಗಿಂತ ಹೆಚ್ಚು ಟ್ರಮಡಾಲ್ ಜೊತೆ ಸಿಕ್ಕಿಬಿದ್ದವನಿಗೆ ಕನಿಷ್ಠ ಹತ್ತು ವರ್ಷ ಜೈಲು. ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ದೇಶದ ನೂರು ಜನರಲ್ಲಿ ಸುಮಾರು ಒಬ್ಬರು ಔಷಧ ರೂಪದ ಅಫೀಮುಜನ್ಯ ವಸ್ತುಗಳನ್ನು ಚಿಕಿತ್ಸೆಗಲ್ಲದೆ ಬಳಸಿದ್ದರು.

ಕೊಲ್ಲಿ ದೇಶಗಳಿಗೆ ಮಕ್ಕಳನ್ನು ಕಳಿಸುವ ಮನೆಗಳಿಗೆ ಒಂದು ಮಾತು. ಇಲ್ಲಿ ಚೀಟಿಯ ಮೇಲೆ ಸಿಗುವ ಈ ಗುಳಿಗೆ ಅಲ್ಲಿನ ವಿಮಾನ ನಿಲ್ದಾಣದಲ್ಲಿ ಸೆರೆಮನೆಯ ದಾರಿಯಾಗಬಹುದು. 2017ರಲ್ಲಿ ಬ್ರಿಟನ್ನಿನ ಮಹಿಳೆಯೊಬ್ಬರು ಸ್ನೇಹಿತನ ಬೆನ್ನುನೋವಿಗೆಂದು 290 ಟ್ರಮಡಾಲ್ ಗುಳಿಗೆಗಳನ್ನು ಈಜಿಪ್ಟಿಗೆ ಒಯ್ದು ಮೂರು ವರ್ಷದ ಶಿಕ್ಷೆಗೆ ಗುರಿಯಾದರು. ಆಟೋಟದ ಮಕ್ಕಳಿಗೂ ಒಂದು ಮಾತು: 2022ರ ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆಯಲ್ಲಿ ಆರನೆಯವನಾಗಿ ಬಂದ ಕೊಲಂಬಿಯದ ನೈರೊ ಕಿಂಟಾನಾನ ರಕ್ತದಲ್ಲಿ ಟ್ರಮಡಾಲ್ ಸಿಕ್ಕಿತೆಂದು ಆ ಸ್ಥಾನವನ್ನು ಕಸಿದುಕೊಂಡರು, ತಾನು ತೆಗೆದುಕೊಂಡಿಲ್ಲ ಎಂಬ ಅವನ ಮಾತು ನಡೆಯಲಿಲ್ಲ. 2024ರ ಜನವರಿ 1ರಿಂದ ಎಲ್ಲ ಕ್ರೀಡೆಗಳಲ್ಲೂ ಸ್ಪರ್ಧೆಯ ವೇಳೆ ಟ್ರಮಡಾಲ್ ನಿಷಿದ್ಧ. ಮೊಣಕಾಲು ನೋವಿಗೆ ಅಜ್ಜನ ಪಟ್ಟಿಯಿಂದ ಒಂದು ನುಂಗಿ ಕಬಡ್ಡಿ ಅಂಕಣಕ್ಕಿಳಿಯುವ ಹುಡುಗ ಪೆಟ್ಟನ್ನು ಮರೆತು ಆಡಿ ಮೊಣಕಾಲನ್ನೇ ಕೆಡಿಸಿಕೊಳ್ಳುತ್ತಾನೆ. ದೊಡ್ಡ ಪಂದ್ಯಕ್ಕೆ ಏರಿದರೆ ಪದಕವನ್ನೂ ಕಳೆದುಕೊಂಡಾನು.

ಚಟ ಹತ್ತಿದ್ದು ಹೇಗೆ ಗೊತ್ತಾಗುತ್ತದೆ? ನೋವು ಹೋಗಿ ತಿಂಗಳಾದರೂ ಗುಳಿಗೆ ಬೇಕೆನಿಸುವುದು, ಒಂದು ಸಾಲದೆ ಎರಡಾಗುವುದು, ಬಿಟ್ಟ ದಿನ ಮೂಗು ಸೋರಿ, ಮೈ ನಡುಗಿ, ಭೇದಿ ಹತ್ತಿ, ಹೇಳಿಕೊಳ್ಳಲಾಗದ ಕಳವಳ ಆವರಿಸುವುದು. ಟ್ರಮಡಾಲ್‌ನ ಎರಡು ಕೈಗಳೂ ಒಟ್ಟಿಗೆ ಬಿಡುವುದರಿಂದ ಕೆಲವರಿಗೆ ತಲೆಯೊಳಗೆ ಕರೆಂಟು ಹೊಡೆದಂತೆಯೂ ಆಗುತ್ತದೆ. ತಿಂಗಳುಗಟ್ಟಲೆ ತೆಗೆದುಕೊಂಡವರು ಒಮ್ಮೆಗೇ ನಿಲ್ಲಿಸಬಾರದು. ವೈದ್ಯರ ಕಣ್ಣೆದುರಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ವಿಭಾಗವಿದೆ. ಊರಿನಿಂದಲೇ ಮಾತಾಡಲು 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಫೋನ್ ಮಾಡಿದರೆ ಕನ್ನಡದಲ್ಲೇ ಉತ್ತರ ಸಿಗುತ್ತದೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಂಖ್ಯೆ 14446.

ಇಷ್ಟೆಲ್ಲ ಓದಿದ ಮೇಲೆ ಅಜ್ಜನ ಗುಳಿಗೆಯನ್ನು ಒಲೆಗೆ ಹಾಕಲು ಹೊರಡುವವರೂ ಇರಬಹುದು. ಅದು ಇನ್ನೊಂದು ತಪ್ಪು. ಮೂಳೆ ಮುರಿದವರ, ಕ್ಯಾನ್ಸರ್ ಹಿಡಿದವರ ನೋವಿಗೆ ಪ್ಯಾರಾಸಿಟಮಾಲ್ ಸಾಲದು. 1985ರ ಕಾಯ್ದೆಯ ಬಿಗಿಗೆ ಹೆದರಿ ಆಸ್ಪತ್ರೆಗಳು, ಅಂಗಡಿಗಳು ಮಾರ್ಫಿನ್ ಇಡುವುದನ್ನೇ ಬಿಟ್ಟು, ದೇಶದಲ್ಲಿ ಎಷ್ಟೋ ರೋಗಿಗಳು ನರಳುತ್ತಲೇ ಸತ್ತರು. ಅಫೀಮು ಬೆಳೆದು ಹೊರದೇಶಗಳಿಗೆ ಮಾರುವ ದೇಶದಲ್ಲೇ ಹೀಗಾದದ್ದು. 2014ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಮಾರ್ಫಿನ್‌ನಂಥ ಆರು ಔಷಧಗಳಿಗೆ ದೇಶಕ್ಕೆಲ್ಲ ಒಂದೇ ನಿಯಮ ಮಾಡಿದ್ದು ಈ ಕಾರಣಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಟ್ರಮಡಾಲ್ ಅನ್ನು 2018ರವರೆಗೆ ಹಲವು ಸಲ ಪರಿಶೀಲಿಸಿಯೂ ಅಂತರರಾಷ್ಟ್ರೀಯ ನಿರ್ಬಂಧದ ಪಟ್ಟಿಗೆ ಸೇರಿಸಲು ಹೇಳಲಿಲ್ಲ. ಮಾರ್ಫಿನ್ ಸಿಗದ ಬಡದೇಶಗಳಲ್ಲಿ ಇದೂ ಕೈತಪ್ಪಿದರೆ ನೋವಿನವರ ಗತಿಯೇನು ಎಂಬ ಯೋಚನೆ ಅದರ ಹಿಂದಿತ್ತು.

ಹಾಗಾಗಿ ಉಳವಿಯ ಆ ಅಜ್ಜನ ಮನೆಯವರು ಮಾಡಬೇಕಾದದ್ದು, ಮುಂದಿನ ಸಲ ಆಸ್ಪತ್ರೆಗೆ ಹೋದಾಗ "ಈ ಮಾತ್ರೆ ಇವರಿಗೆ ಹಿಡಿಯುತ್ತಿಲ್ಲ" ಎಂದು ನೇರವಾಗಿ ಹೇಳುವುದು. ತಾವಾಗಿ ಒಂದರ ಬದಲು ಎರಡು ಕೊಡುವಂತಿಲ್ಲ. ಮಿಲ್ಲು ನಿಂತವರಲ್ಲಿ ಭತ್ತ ಹೆಚ್ಚು ಹಾಕಿದರೆ ಅಕ್ಕಿ ಬರುವುದಿಲ್ಲ, ಫಿಟ್ಸ್ ಬಂದೀತು. ಈ ಕಿಣ್ವದ ಹಂಗಿಲ್ಲದೆ ಕೆಲಸ ಮಾಡುವ ಬೇರೆ ಔಷಧಗಳು ವೈದ್ಯರ ಬಳಿ ಇವೆ, ಮಾರ್ಫಿನ್ ಅಂಥದ್ದೇ. ಹಿಂದೆ ಯಾವ ಗುಳಿಗೆಯಿಂದ ಏನಾಯಿತು, ಮೂರ್ಛೆರೋಗ ಇದೆಯೇ, ಮನಸ್ಸಿನ ಕಾಯಿಲೆಗೆ ಏನು ತೆಗೆದುಕೊಳ್ಳುತ್ತಿದ್ದಾರೆ ಎಂಬುದನ್ನು ಮುಚ್ಚಿಡದೆ ಹೇಳಬೇಕು. ಸಿ.ವೈ.ಪಿ.2ಡಿ6 ವಂಶವಾಹಿಯನ್ನು ರಕ್ತದಿಂದಲೋ ಜೊಲ್ಲಿನಿಂದಲೋ ಪರೀಕ್ಷಿಸುವ ವ್ಯವಸ್ಥೆ ದೊಡ್ಡ ನಗರಗಳಲ್ಲಿದೆ. ಹಣ ಬೀಳುತ್ತದೆ, ಮಾಮೂಲಿ ಚಿಕಿತ್ಸೆಯಲ್ಲಿ ಇದನ್ನು ಬರೆಯುವ ರೂಢಿಯೂ ಇಲ್ಲ. ಮಾಡಿಸಿದವರಿಗೆ ಜೀವಮಾನಕ್ಕೆ ಒಂದೇ ಸಲ ಸಾಕು, ವಂಶವಾಹಿ ಬದಲಾಗುವುದಿಲ್ಲ. ಅಜ್ಜನಲ್ಲಿ ಕೆಟ್ಟ ಪ್ರತಿ ಎರಡಿದ್ದರೆ ಮಗನಿಗೆ ಒಂದಾದರೂ ಬಂದೇ ಇರುತ್ತದೆ. ರೇಗಿದ ಮಗನಿಗೆ ನಾಳೆ ಸೊಂಟ ಹಿಡಿದಾಗ ವೈದ್ಯರಿಗೆ ಹೇಳಲು ಒಂದು ಸಂಗತಿ ಸಿಕ್ಕಂತಾಯಿತು.